ಪರದೆಯ ಹಿಂದೆ ಕೂತು ಕಂಡ ಮುಖ

ದೆವ್ವ, ಗಾಳಿ, ಸತ್ತವರು ಬಂದು ಕಾಣಿಸಿಕೊಳ್ಳುವುದು, ಇಂಥದ್ದನ್ನೆಲ್ಲ ಕೇಳಿದರೆ ನಗುತ್ತಿದ್ದವಳು ನಾನು. ಕೆರೆ ಏರಿಯ ಹುಣಸೆ ಮರದಲ್ಲಿ ಬೆಂಕಿ ಕಂಡಿತು ಅಂತ ಯಾರಾದರೂ ಓಡಿ ಬಂದರೆ, ಯಾವನೋ ಕೂತು ಬೀಡಿ ಹಚ್ಚಿರುತ್ತಾನೆ, ಹೋಗಿ ಉಂಡು ಮಲಗು ಅನ್ನುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ಬಾಯಿ ಮುಚ್ಚಿಸಲು ಯಾರಿಂದಲೂ ಆಗಿಲ್ಲ. ಐವತ್ತು ವರ್ಷ ದಾಟಿತು. ಅಪ್ಪ ಬೈದರು, ಗಂಡ ನಕ್ಕರು, ಮಗ ತಲೆಯಲ್ಲಾಡಿಸಿ ಎದ್ದುಹೋದ, ಈಗ ಮೊಮ್ಮಗಳು ಮೊಬೈಲ್ ಹಿಡಿದುಕೊಂಡು ವಾದಕ್ಕೆ ಬರುತ್ತಾಳೆ. ನಾನು ಅಂದು ಹೇಳಿದ್ದನ್ನೇ ಇಂದೂ ಹೇಳುತ್ತೇನೆ. ನಂದಗುಡಿಯ ಟೆಂಟ್ ಸಿನಿಮಾದಲ್ಲಿ, ಪರದೆಯ ಮೇಲೆ, ಎಂದೋ ಸತ್ತುಹೋಗಿದ್ದ ನನ್ನ ತಾಯಿಯನ್ನು ನಾನು ಕಂಡೆ. ನಂಬುವವರು ನಂಬಿ, ಬಿಡುವವರು ಬಿಡಿ.

ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ಪಲ್ಲವಿ ತಿದ್ದುತ್ತಾಳೆ, ಮಾತು ತಪ್ಪಿದರೆ ತಿದ್ದಬೇಡ ಅಂತ ಹೇಳಿಟ್ಟಿದ್ದೇನೆ. ಇಷ್ಟು ವರ್ಷ ಬರೆಯದವಳು ಈಗ ಬರೆಯುತ್ತಿರುವುದು ಸಂತೋಷಕ್ಕೆ. ಏನು ಸಂತೋಷ ಅಂತೀರಿ! ಬೂದಿಗೆರೆಯ ನಮ್ಮ ಮನೆಯ ಅಂಗಳದಲ್ಲಿ ಈಗ ಭಾನುವಾರ ಬಂದರೆ ಟೆಂಟ್ ಎದ್ದ ಹಾಗೇ. ಪಲ್ಲವಿ ಒಂದು ಸಣ್ಣ ಯಂತ್ರ ತಂದಿದ್ದಾಳೆ, ತೆಂಗಿನಕಾಯಿ ಹೋಳಿನಷ್ಟೂ ಇಲ್ಲ. ಎರಡು ಕಂಬಗಳ ನಡುವೆ ಅವರಜ್ಜನ ಬಿಳಿ ಪಂಚೆ ಬಿಗಿದು ಕಟ್ಟಿ, ಅದರ ಮೇಲೆ ನಮ್ಮ ಕಾಲದ ಸಿನಿಮಾ ಬಿಡುತ್ತಾಳೆ. ಮಕ್ಕಳು, ಸೊಸೆಯಂದಿರು, ಎದುರು ಮನೆಯವರು, ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವ ಯಾರೋ ಹಿಂದಿಯವರು, ಎಲ್ಲ ಚಾಪೆ ಹಾಕಿ ಕೂರುತ್ತಾರೆ. ಮೇಲೆ ವಿಮಾನ ಹೋದಾಗ ಮಾತು ಕೇಳಿಸುವುದಿಲ್ಲ, ಆಗ ಆ ಮಾತನ್ನು ನಾನು ಹೇಳುತ್ತೇನೆ. ಎಲ್ಲ ಬಾಯಿಪಾಠ.

ಹಳೆ ಸಿನಿಮಾ ಅಂದರೆ ಬರೀ ಅಳು, ಬರೀ ಹಾಡು ಅಂತ ಈ ಹುಡುಗರು ಗೇಲಿ ಮಾಡುತ್ತಾರೆ. ಮಾಡಲಿ. ಆ ದಶಕಗಳ ಸಿನಿಮಾ ನೋಡಿದವರು ನಾವು, ಗೇಲಿಗೆ ಜಗ್ಗುವವರಲ್ಲ. ದೇವರ ಕಥೆಯ ಚಿತ್ರ ಬಂದರೆ ತೆಂಗಿನಕಾಯಿ, ಕರ್ಪೂರ ತಂದು ಪರದೆಗೇ ಆರತಿ ಎತ್ತುತ್ತಿದ್ದೆವು. ಪೋಸ್ಟರಿನಲ್ಲಿ 'ಭಾಗಶಃ ವರ್ಣ' ಅಂತ ಹಾಕಿದ್ದರೆ, ಇಡೀ ಕಪ್ಪು ಬಿಳುಪು ಚಿತ್ರದಲ್ಲಿ ಒಂದೇ ಒಂದು ಹಾಡು ಬಣ್ಣದಲ್ಲಿ ಬರುತ್ತಿತ್ತು. ಆ ಒಂದು ಹಾಡಿನಲ್ಲಿ ನಾಯಕಿಯ ಸೀರೆ ಹಸಿರೋ ನೀಲಿಯೋ ಅಂತ ರಾಗಿ ಕಳೆ ಕೀಳುತ್ತಾ ವಾರಗಟ್ಟಲೆ ಜಗಳ ಆಡಿದ್ದೇವೆ. ಚಿತ್ರದಲ್ಲಿ ಬೇರೆಯಾದ ಅಣ್ಣತಮ್ಮಂದಿರು ಕೊನೆಗೆ ಒಂದಾದರೆ, ಊರಿನಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಟೆಂಟಿನ ಹೊರಗೆ ಒಬ್ಬರನ್ನೊಬ್ಬರು ನೋಡಿ ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಿನ ಸಿನಿಮಾ ನೋಡಿ ಯಾರು ತಲೆ ತಗ್ಗಿಸುತ್ತಾರೆ ಹೇಳಿ ನೋಡೋಣ.

ಇರಲಿ, ವಿಷಯಕ್ಕೆ ಬರುತ್ತೇನೆ.

ನನ್ನ ತವರು ನಂದಗುಡಿ ಪಕ್ಕದ ಒಂದು ಹಳ್ಳಿ. ನಾನು ಅಂಬೆಗಾಲಿಡುವಾಗಲೇ ಅಮ್ಮ ಜ್ವರ ಬಂದು ತೀರಿಕೊಂಡಳು. ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ನಂಬಿದ್ದ ಮನೆ ನಮ್ಮದು. ಫೋಟೋ ತೆಗೆಸಿಕೊಳ್ಳದೆಯೇ ಆಯಸ್ಸು ಮುಗಿದ ಮೇಲೆ ಆ ನಂಬಿಕೆಯಿಂದ ಆದ ಲಾಭ ಏನು ಅಂತ ಕೇಳುವ ಧೈರ್ಯ ಆಗ ನನಗಿರಲಿಲ್ಲ. ಅಪ್ಪ ಅಮ್ಮನ ಹೆಸರೆತ್ತುತ್ತಿರಲಿಲ್ಲ. ನನ್ನನ್ನು ಸಾಕಿದ ಅಜ್ಜಿ, ಅಪ್ಪನ ತಾಯಿ, ಬೇರೆಲ್ಲ ಮಾತಾಡುವವರು, ಅಮ್ಮ ಹೇಗಿದ್ದಳು ಅಂದರೆ "ಇದ್ಲು ಕಣೇ, ಎಲ್ರಂಗೇ ಇದ್ಲು" ಅಂತ ಎದ್ದುಬಿಡುತ್ತಿದ್ದರು.

ವರ್ಷಕ್ಕೊಂದು ಸಲ, ಮಹಾಲಯ ಅಮಾವಾಸ್ಯೆಗೆ, ಹಿರಿಯರ ಹಬ್ಬ. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಅಡಿಗೆ ಮಾಡಿ ಎಡೆ ಹಾಕುವ ಹಬ್ಬ. ತಾತನಿಗೆ ಒಂದು ಕಳಶ, ಅಮ್ಮನಿಗೆ ಒಂದು ಕಳಶ. ಅಮ್ಮನ ಕಳಶದ ತೆಂಗಿನಕಾಯಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಕಾಡಿಗೆಯಲ್ಲಿ ಕಣ್ಣು ಬರೆದು, ಮುಂದೆ ಸೀರೆ, ಬಳೆ ಇಡುತ್ತಿದ್ದರು. "ನಿಮ್ಮಮ್ಮಂಗೆ ಅಡ್ಡಬೀಳು" ಅನ್ನುತ್ತಿದ್ದರು ಅಜ್ಜಿ. ತೆಂಗಿನಕಾಯಿಗೆ ಅಮ್ಮ ಅಂತ ಅಡ್ಡಬಿದ್ದು ಬೆಳೆದವಳು ನಾನು. ಅದೂ ಪ್ರತಿ ವರ್ಷ ಬೇರೆ ಬೇರೆ ತೆಂಗಿನಕಾಯಿ.

ನನಗೆ ಮದುವೆ ಗೊತ್ತಾದ ವರ್ಷ ಈ ಸಂಕಟ ಜಾಸ್ತಿಯಾಯಿತು. ದೀಪಾವಳಿ ಕಳೆದ ಮೇಲೆ ಲಗ್ನ ಅಂತ ಮಾತಾಗಿತ್ತು. ಗಂಡನ ಮನೆಯಲ್ಲಿ ಅವರ ಹಿರಿಯರಿಗೆ ಎಡೆ ಇಡುತ್ತಾರೆಯೇ ಹೊರತು ನನ್ನ ಅಮ್ಮನಿಗೆ ಯಾರು ಇಡುತ್ತಾರೆ? ಮುಖ ಗೊತ್ತಿಲ್ಲದ ತಾಯಿಯನ್ನು ನಾನು ಏನೆಂದು ನೆನೆಸಿಕೊಳ್ಳಲಿ? ಆ ತೆಂಗಿನಕಾಯಿಯೂ ಕೈಬಿಟ್ಟು ಹೋಗುತ್ತಿತ್ತು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ಯುಗಾದಿ ಮಾರನೇ ದಿನ, ಹೊಸತೊಡಕು. ಬಾಡೂಟ ಉಂಡು ಇಡೀ ಸೀಮೆಯೇ ಸಿನಿಮಾಕ್ಕೆ ಹೊರಡುವ ದಿನ. ಸಂಜೆ ಮೈಕಿನಲ್ಲಿ ದೇವರ ಹಾಡು ಹಾಕಿದರು ಅಂದರೆ ಟಿಕೆಟ್ ಕೊಡುತ್ತಿದ್ದಾರೆ ಅಂತ ಅರ್ಥ. ಅದು ನಮ್ಮ ಹೊಲದವರೆಗೂ ಕೇಳುತ್ತಿತ್ತು. ನಾನು, ನನ್ನ ಸೋದರತ್ತೆ ಮುನಿಯತ್ತೆ, ಜೊತೆಗೆ ಊರಿನ ಹೆಂಗಸರು ಸೇರಿ ನಡೆದೆವು. ಮುನಿಯತ್ತೆ ಅಪ್ಪನ ತಂಗಿ. ಹಬ್ಬಕ್ಕೆ ತವರಿಗೆ ಬಂದಿದ್ದಳು. ಸಿನಿಮಾ ಅಂದರೆ ಉಸಿರು, ಜಗಳ ಅಂದರೆ ಅದಕ್ಕಿಂತ ಒಂದು ಕೈ ಹೆಚ್ಚು.

ನಾವು ಹೋಗುವ ಹೊತ್ತಿಗೆ ಟೆಂಟ್ ತುಂಬಿ ಹೋಗಿತ್ತು. ಹೆಂಗಸರ ಕಡೆಯ ತಡಿಕೆಯೇ ಬಾಗಿತ್ತು. ಇಂಥ ದಿನಗಳಲ್ಲಿ ಟೆಂಟಿನವರು ಒಂದು ಉಪಾಯ ಮಾಡುತ್ತಿದ್ದರು. ಪರದೆಯ ಹಿಂದಿನ ಬಯಲಿಗೆ ಜನ ಬಿಡುತ್ತಿದ್ದರು. ಪರದೆ ಅಂದರೆ ಬಟ್ಟೆ ತಾನೇ, ಹಿಂದಿನಿಂದಲೂ ಚಿತ್ರ ಕಾಣುತ್ತಿತ್ತು. ಸ್ವಲ್ಪ ಮಸುಕು, ಅಷ್ಟೇ. ಆದರೆ ಎಲ್ಲ ತಿರುವುಮುರುವು. ಎಡ ಬಲಕ್ಕೆ, ಬಲ ಎಡಕ್ಕೆ. ಹೆಸರು ತೋರಿಸುವಾಗ ಅಕ್ಷರಗಳೆಲ್ಲ ಹಿಂದುಮುಂದಾಗಿ ಬರುತ್ತಿದ್ದವು. ಸರಿಯಾಗಿದ್ದಾಗಲೇ ಕೂಡಿಸಿ ಓದುತ್ತಿದ್ದ ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಮರಳು ಗುಡ್ಡೆ ಮಾಡಿಕೊಂಡು ಕೂತೆವು.

ಚಿತ್ರದಲ್ಲಿ ಒಂದು ಮದುವೆ ಊಟ ಬಂತು. ಸಾಲಾಗಿ ಕೂತವರೆಲ್ಲ ಎಡಗೈಯಲ್ಲಿ ಉಣ್ಣುತ್ತಿದ್ದರು.

"ಥೂ, ಏನೇ ಇದು, ಇವ್ರ ವಂಶಾನೇ ಎಡಚರಾ?" ಅಂದಳು ಮುನಿಯತ್ತೆ.

"ಹಿಂದ್ಗಡೆ ಕೂತಿದೀವಿ ಕಣತ್ತೆ, ಅದ್ಕೇ ಅಂಗೆ ಕಾಣ್ತದೆ."

"ಅದೇನೋ. ಎಡಗೈಲಿ ಉಂಡೋರ ಮದ್ವೆ ಉಳಿಯಲ್ಲ, ನೋಡ್ತಿರು."

ಉಳಿಯಲೂ ಇಲ್ಲ. ಆ ಮನೆಗೆ ಬಂದ ಸೊಸೆಯನ್ನು ಅತ್ತೆ ಹೊರಗೆ ಹಾಕಿದಳು. ಸೊಸೆ ಊರಾಚೆಯ ಬಾವಿ ಕಟ್ಟೆಯ ಮೇಲೆ ಕೂತು ಅಳುತ್ತಾಳೆ. ನೀರಿಗೆ ಬಂದ ಹೆಂಗಸರು ಬಿಂದಿಗೆ ಹೊತ್ತು ಅವಳ ಪಕ್ಕದಿಂದ ಹಾದು ಹೋಗುತ್ತಾರೆ, ಒಬ್ಬಳೂ ತಿರುಗಿ ನೋಡುವುದಿಲ್ಲ. ಅಷ್ಟೇ ದೃಶ್ಯ. ಮುನಿಯತ್ತೆ ಆ ಹೊತ್ತಿಗೆ ಸರಿಯಾಗಿ ಗೋಲಿ ಸೋಡಾದವನ ಮೇಲೆ ಜಗಳಕ್ಕೆ ಬಿದ್ದಿದ್ದಳು, ಸೋಡಾದಲ್ಲಿ ಗ್ಯಾಸ್ ಇಲ್ಲ ಅಂತ.

ಹೆಂಗಸರ ಸಾಲಿನಲ್ಲಿ ಕೊನೆಯವಳು ನಿಂತಳು. ಬಿಂದಿಗೆಯನ್ನು ಕೆಳಗಿಟ್ಟಳು. ಕಟ್ಟೆಯ ಮೇಲೆ ಅಳುತ್ತಿದ್ದವಳ ಕಡೆ ನೋಡಲಿಲ್ಲ. ನಮ್ಮ ಕಡೆಗೆ ತಿರುಗಿದಳು. ಮುಖ ಹತ್ತಿರ ಹತ್ತಿರ ಬಂದು ಪರದೆಯ ತುಂಬ ಆಯಿತು. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಒಂದು ಕಿವಿಯಲ್ಲಿ ಓಲೆ ಇತ್ತು. ಇನ್ನೊಂದು ಕಿವಿಯ ಹಾಲೆ ಹರಿದು ಎರಡಾಗಿ ಜೋತಿತ್ತು. ಆ ಹರಿದ ಕಿವಿಯನ್ನು ಬೆರಳಿನಲ್ಲಿ ಮುಟ್ಟಿಕೊಂಡು, ನನ್ನನ್ನೇ ನೋಡಿ ನಕ್ಕಳು. ಮಗುವಿನ ತುಂಟತನ ಕಂಡಾಗ ನಗುತ್ತೇವಲ್ಲ, ಆ ಥರ.

ಇವಳು ನನ್ನ ಅಮ್ಮ ಅಂತ ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಹಸಿವಾದರೆ ಹೇಗೆ ಗೊತ್ತಾಗುತ್ತದೆ? ಹಾಗೆ ಗೊತ್ತಾಯಿತು. ಅಷ್ಟರಲ್ಲಿ ರೀಲು ಮುಗಿಯಿತು. ಒಂದೇ ಯಂತ್ರದ ಟೆಂಟ್, ಪ್ರತಿ ರೀಲಿಗೂ ದೀಪ ಹಾಕಿ ಬದಲಾಯಿಸಬೇಕು. ದೀಪ ಬಂದಾಗ ಎದುರಿಗೆ ಬರೀ ಬಿಳಿ ಬಟ್ಟೆ ಇತ್ತು, ನಾನು ಎದ್ದು ನಿಂತು "ಅಮ್ಮಾ" ಅಂತ ಕೂಗಿಕೊಂಡಿದ್ದೆ.

"ಏನಾಯ್ತೇ? ಚೇಳು ಕಡೀತಾ?" ಅಂತ ಮುನಿಯತ್ತೆ ನನ್ನ ಕಾಲು ಹಿಡಿದು ಮರಳು ಕೊಡವತೊಡಗಿದಳು.

ಮನೆಗೆ ಬಂದು ಹೇಳಿದೆ. ಹೇಳಬಾರದಿತ್ತು ಅಂತ ಯಾರೋ ಅಂದರು, ನಾನು ಒಪ್ಪುವುದಿಲ್ಲ. ಅಪ್ಪ ಜಗಲಿಯಲ್ಲಿ ಕೂತಿದ್ದವರು ಎದ್ದೇ ಬಿಟ್ಟರು.

"ಸಿನಿಮಾದಾಗೆ ಕುಣಿಯೋ ಹೆಂಗಸ್ರ ಜೊತೆ ನನ್ನ ಹೆಂಡ್ತೀನ ಸೇರಿಸ್ತೀಯಾ? ನಾಲ್ಕು ಜನ ಕೇಳಿದ್ರೆ ಏನಂದಾರು? ಇನ್ಮೇಲೆ ಈ ಮನೇಲಿ ಸಿನಿಮಾ ಅಂತ ಯಾರೂ ಬಾಯಿ ಬಿಡಂಗಿಲ್ಲ."

"ಕುಣೀಲಿಲ್ಲ ಅಪ್ಪ, ನೀರು ಹೊತ್ಕೊಂಡು ಬಂದ್ಲು. ನನ್ನ ಕಣ್ಣಲ್ಲಿ ನಾನು ನೋಡಿದೀನಿ."

ಅಪ್ಪನಿಗೆ ಅದುವರೆಗೂ ಎದುರು ಮಾತಾಡಿದವಳಲ್ಲ ನಾನು. ಅವತ್ತು ಆಡಿದೆ. ಆಡಿ ಅಡಿಗೆಮನೆಗೆ ಹೋದೆ. ಅಜ್ಜಿ ಒಲೆಯ ಮುಂದೆ ರಾಗಿ ಮುದ್ದೆ ತೊಳಸುತ್ತಿದ್ದರು.

"ಎಲ್ಲಿ ಕಂಡಿದ್ದೇ ನೀನು ಅವಳ ಮಕಾನ? ಇವಳೇ ನಿಮ್ಮಮ್ಮ ಅಂತ ಯಾರೇಳಿದ್ರು?" ಅಂದರು, ಬೆನ್ನು ತಿರುಗಿಸಿಕೊಂಡೇ.

"ಯಾರೂ ಹೇಳ್ಲಿಲ್ಲ. ಅವಳ ಒಂದು ಕಿವೀಲಿ ಮಾತ್ರ ಓಲೆ ಇತ್ತಜ್ಜಿ. ಇನ್ನೊಂದು ಹರಿದೋಗಿತ್ತು. ಬಲಗಿವಿ."

"ಬಲಗಿವಿ ಅಲ್ಲ ಕಣೇ, ಎಡಗಿವಿ," ಅಂದುಬಿಟ್ಟರು ಅಜ್ಜಿ.

ಅಂದ ಮೇಲೆ ಮುದ್ದೆಕೋಲು ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಬಂದು ನಿಂತಿದ್ದ ಅಪ್ಪನ ಮುಖ ಬಿಳಚಿಕೊಂಡಿತ್ತು. ಆಗ ಮಾತಾಡಿದವಳು ಮುನಿಯತ್ತೆ.

"ಅಮ್ಮಾ, ನಾವು ಕೂತಿದ್ದು ಪರದೆ ಹಿಂದ್ಗಡೆ. ಅಲ್ಲಿ ಎಲ್ಲಾ ಉಲ್ಟಾ. ಉಣ್ಣೋರೆಲ್ಲ ಎಡಗೈಲೇ ಉಣ್ತಿದ್ರು."

ಮುದ್ದೆ ತಳ ಹಿಡಿದು ಸೀದ ವಾಸನೆ ಬಂತು. ಯಾರೂ ಇಳಿಸಲಿಲ್ಲ.

ಆಮೇಲೆ ಅಜ್ಜಿ ಹೇಳಿದರು. ಅಪ್ಪ ತಡೆಯಲಿಲ್ಲ. ನಾನು ಎದೆಹಾಲು ಕುಡಿಯುವ ಕೂಸು. ಅಮ್ಮನ ತೊಡೆಯ ಮೇಲೆ ಆಡುತ್ತಾ ಎಡಗಿವಿಯ ಓಲೆಗೆ ಬೆರಳು ಹಾಕಿ ಎಳೆದೆನಂತೆ. ಹಾಲೆ ಸೀಳಿಹೋಯಿತು. ಗಾಯ ಮಾಯುವ ಮುಂಚೆಯೇ ಅಮ್ಮನಿಗೆ ಬೇರೇನೋ ಜ್ವರ ಬಂತು, ಎದ್ದೇಳಲಿಲ್ಲ. ಊರವರು ಮಾತಾಡಿದರು. ಈ ಮಗೀನ ಕೈ ಒಳ್ಳೇದಲ್ಲ, ಹೆತ್ತೋಳ ಕಿವೀನೇ ಕಿತ್ತು ಕಳಿಸ್ತು ಅಂದರು. ಅಜ್ಜಿ ಮನೆ ಮನೆಗೂ ಹೋಗಿ, ನನ್ನ ಮೊಮ್ಮಗಳ ಮುಂದೆ ಈ ಮಾತಾಡಿದ ಬಾಯಿಗೆ ಬರೆ ಹಾಕ್ತೀನಿ ಅಂತ ಹೇಳಿ ಬಂದರಂತೆ. ಅದಕ್ಕೇ ಯಾರೂ ನನಗೆ ಅಮ್ಮನ ಸುದ್ದಿ ಹೇಳುತ್ತಿರಲಿಲ್ಲ. ಮುಖದ ವಿಷಯಕ್ಕೆ ಬಂದರೆ ಕಿವಿಯ ವಿಷಯಕ್ಕೆ ಬರಬೇಕಾಗುತ್ತಿತ್ತು.

"ಕೋಪ ಇತ್ತೇನೇ ಅವಳ ಮಕದಾಗೆ?" ಅಂತ ಕೇಳಿದರು ಅಜ್ಜಿ. ಕಣ್ಣಲ್ಲಿ ನೀರಿತ್ತು.

"ಇಲ್ಲಜ್ಜಿ. ಕಿವಿ ಮುಟ್ಕೊಂಡು ನಗ್ತಿದ್ಲು."

"ನಗ್ತಿದ್ಲಾ?"

"ಸೆರಗು ಕಚ್ಕೊಂಡು ನಗ್ತಿದ್ಲು."

ಅಜ್ಜಿ ಎದ್ದರು. "ನಾಳೆ ನಾನೂ ಬತ್ತೀನಿ," ಅಂದರು. ಸಿನಿಮಾ ನೋಡಿದರೆ ಕಣ್ಣು ಕೆಡುತ್ತದೆ, ಬುದ್ಧಿ ಅದಕ್ಕಿಂತ ಮುಂಚೆ ಕೆಡುತ್ತದೆ ಅನ್ನುತ್ತಿದ್ದ ಹೆಂಗಸು! ಅಪ್ಪ ಏನೋ ಹೇಳಹೋದರು. "ನೀನು ಸುಮ್ಕಿರೋ. ನನ್ನ ಸೊಸೇನ ನಾನು ನೋಡ್ತೀನಿ," ಅಂದರು ಅಜ್ಜಿ.

ಮಾರನೇ ಸಂಜೆ ದೇವರ ಹಾಡು ಕೇಳುವುದಕ್ಕೂ ಮುಂಚೆ ನಾವು ಟೆಂಟ್ ಮುಂದಿದ್ದೆವು. ಅಜ್ಜಿ ಹೊಸ ಸೀರೆ ಉಟ್ಟಿದ್ದರು. ಹಬ್ಬ ಕಳೆದಿತ್ತು, ಜನ ಕಮ್ಮಿ. ಮುನಿಯತ್ತೆ ಓಡಿ ಹೋಗಿ ಹೆಂಗಸರ ಕಡೆ ಪರದೆಗೆ ನೇರವಾಗಿ, ಎಲ್ಲಕ್ಕಿಂತ ಒಳ್ಳೆಯ ಜಾಗ ಹಿಡಿದಳು. ಮರಳನ್ನು ಎತ್ತರಕ್ಕೆ ಗುಡ್ಡೆ ಮಾಡಿ ಮೇಲೆ ಟವೆಲ್ ಹಾಸಿದಳು. ಮೊದಲ ಸಲ ಸಿನಿಮಾಕ್ಕೆ ಬಂದ ಹಿರಿಯ ಹೆಂಗಸನ್ನು ಪರದೆಯ ಹಿಂದೆ ಬಯಲಲ್ಲಿ ಕೂರಿಸುತ್ತಾರೆಯೇ? ನಮಗೆ ಆ ಯೋಚನೆಯೇ ಬರಲಿಲ್ಲ.

ಪರದೆಯ ಮೇಲೆ ಯಾವ ಹೆಂಗಸು ಬಂದರೂ ಅಜ್ಜಿ "ಇವಳೇನೇ?" ಅಂತ ಕೇಳುವರು. ನಾಯಕಿ ಬಂದರೂ "ಇವಳೇನೇ?", ಅತ್ತೆ ಬಂದರೂ "ಇವಳಂತೂ ಅಲ್ಲ ಬಿಡು". ಹಿಂದಿನವರು "ಸುಮ್ಕಿರಜ್ಜಿ" ಅಂದರೆ "ನಿಂಗೇನು ಗೊತ್ತು, ನನ್ನ ಸೊಸೆ ಬರೋಳವ್ಳೆ" ಅಂತ ಅಜ್ಜಿ ಎದುರುತ್ತರ ಕೊಟ್ಟರು. ಇಡೀ ಹೆಂಗಸರ ಕಡೆ ನಕ್ಕಿತು. ಅಜ್ಜಿ ಲೆಕ್ಕಕ್ಕಿಡಲಿಲ್ಲ.

ಬಾವಿ ಕಟ್ಟೆ ಬಂತು. ನಾನು ಅಜ್ಜಿಯ ಕೈ ಹಿಡಿದುಕೊಂಡೆ. ಬಿಂದಿಗೆ ಹೊತ್ತ ಹೆಂಗಸರು ಸಾಲಾಗಿ ಬಂದರು, ಹಾದು ಹೋದರು. ಕೊನೆಯವಳು ದಪ್ಪನೆಯ ಯಾರೋ ಒಬ್ಬಳು. ಎರಡೂ ಕಿವಿಗೂ ಜುಮುಕಿ ಇತ್ತು. ಅವಳು ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ. ರೀಲು ಮುಗಿದು ದೀಪ ಬಂತು.

ಅಜ್ಜಿ ನನ್ನ ಮುಖ ನೋಡಿದರು. ನಾನು ಸುಳ್ಳಿ ಅಂತಾರೆ, ಹುಚ್ಚಿ ಅಂತಾರೆ, ಅನ್ನಲಿ. ಆದರೆ ಹೊಸ ಸೀರೆ ಉಟ್ಟು ಬಂದಿದ್ದ ಆ ಮುದುಕಿಗೆ ನಾನು ಏನು ಹೇಳಲಿ?

ಊರಿನ ದಾರಿಯಲ್ಲಿ ಅಜ್ಜಿ ಲಾಂದ್ರ ಹಿಡಿದು ಮುಂದೆ ನಡೆದರು. ಕೆರೆ ಏರಿ ಹತ್ತಿದ ಮೇಲೆ ನಿಂತರು.

"ನಾವು ತೆಪ್ಪು ಮಾಡಿದ್ವಿ ಕಣೇ ಅಮ್ಮಣ್ಣಿ," ಅಂದರು. "ಸತ್ತೋರ್ದೆಲ್ಲಾ ತಿರುವುಮುರುವು ಅಲ್ವೇನೇ? ಮಣ್ಣು ಮಾಡೋವಾಗ ಸುತ್ತೋದೂ ಎಡಕ್ಕೇ ತಾನೇ. ಅವಳು ಬಂದಿದ್ದು ಆ ಕಡೆಯಿಂದ. ನಾವು ಈ ಕಡೆ ಕೂತ್ವಿ."

"ನಾಳೆ ಹಿಂದ್ಗಡೆ ಕೂರೋಣ ಅಜ್ಜಿ."

"ಕೂರೋಣ. ಟವಲ್ ಇಲ್ದಿದ್ರೂ ಆಯ್ತು."

ಮಾರನೇ ದಿನ ಬೆಳಗಿನ ಬಸ್ಸಿಗೇ ಚಿತ್ರದ ಪೆಟ್ಟಿಗೆ ಬೇರೆ ಊರಿನ ಟೆಂಟಿಗೆ ಹೋಗಿತ್ತು. ಯಾವ ಊರು ಅಂತ ಕೇಳಿದರೆ, ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ಇಳಿಸಿಕೊಳ್ತಾರಮ್ಮ, ನಮಗೇನು ಗೊತ್ತು ಅಂದರು. ಆ ಸಂಜೆ ಟೆಂಟಿನಲ್ಲಿ ಕತ್ತಿ ಕಾಳಗದ ಚಿತ್ರ ಹಾಕಿದ್ದರು. ನಾವು ಹೋಗಲಿಲ್ಲ.

ಅಲ್ಲಿಂದ ಮುಂದೆ ಅಜ್ಜಿ ಈ ಮಾತು ಎತ್ತಲಿಲ್ಲ. ನನ್ನನ್ನು ನಂಬಿದರೋ ಬಿಟ್ಟರೋ ಅಂತ ನಾನು ಒಳಗೊಳಗೇ ಬೇಯುತ್ತಿದ್ದೆ. ಹಿರಿಯರ ಹಬ್ಬ ಬಂತು. ತವರಿನಲ್ಲಿ ನನ್ನ ಕೊನೆಯ ಹಿರಿಯರ ಹಬ್ಬ. ಎಂದಿನಂತೆ ಕಳಶ ಇಟ್ಟು, ತೆಂಗಿನಕಾಯಿಗೆ ಅರಿಶಿನ ಬಳಿದು ಕಣ್ಣು ಬರೆದರು. ಸೀರೆ, ಬಳೆ ಇಟ್ಟರು. ಆಮೇಲೆ ಅಜ್ಜಿ ಸೊಂಟದಿಂದ ಒಂದು ಚಿಕ್ಕ ಬಟ್ಟೆ ಗಂಟು ತೆಗೆದು ಬಿಚ್ಚಿದರು. ಒಂದೇ ಒಂದು ಓಲೆ. ಹರಿದ ಎಡಗಿವಿಯಿಂದ ಬಿಚ್ಚಿ ಎತ್ತಿಟ್ಟಿದ್ದ ಓಲೆ. ಬಲಗಿವಿಯದು ಮುತ್ತೈದೆಯ ಮೈಮೇಲಿರಲಿ ಅಂತ ಬಿಟ್ಟಿದ್ದರು, ಅದು ಅವಳ ಜೊತೆಗೇ ಮಣ್ಣಿಗೆ ಹೋಗಿತ್ತು. ಈ ಓಲೆಯನ್ನು ಅಷ್ಟು ವರ್ಷದಲ್ಲಿ ಒಂದು ಸಲವೂ ಎಡೆಗೆ ಇಟ್ಟವರಲ್ಲ, ನಾನು ಏನು ಎತ್ತ ಅಂತ ಕೇಳಿಯೇನು ಅಂತ. ಅವತ್ತು ಎಲ್ಲರ ಎದುರಿಗೆ, ಅಪ್ಪನ ಎದುರಿಗೆ, ಕಳಶದ ಪಕ್ಕ ಇಟ್ಟರು. ಎಡ ಪಕ್ಕಕ್ಕೆ.

"ನಿಮ್ಮಮ್ಮಂಗೆ ಅಡ್ಡಬೀಳು," ಅಂದರು. ಅವತ್ತು ನಾನು ತೆಂಗಿನಕಾಯಿಗೆ ಅಡ್ಡಬೀಳಲಿಲ್ಲ. ಮುಖ ಗೊತ್ತಿದ್ದವಳಿಗೆ ಅಡ್ಡಬಿದ್ದೆ. ಪಕ್ಕದಲ್ಲಿ ಅಪ್ಪನೂ ಬಗ್ಗಿದರು.

ಮದುವೆಯಲ್ಲಿ ಆ ಓಲೆಯನ್ನು ಅಜ್ಜಿ ನನ್ನ ಮಡಿಲಿಗೆ ಕಟ್ಟಿದರು. ಗಂಡನ ಮನೆಯಲ್ಲಿ ಮೊದಲ ಹಿರಿಯರ ಹಬ್ಬಕ್ಕೆ ನಾನು ಅಮ್ಮನಿಗೂ ಒಂದು ಕಳಶ ಇಡಲು ಹೋದೆ. ಸೊಸೆ ತವರಿನ ಹಿರಿಯರಿಗೆ ಇಲ್ಲಿ ಎಡೆ ಇಡೋ ಪದ್ಧತಿ ಇಲ್ಲ ಅಂದರು ಅತ್ತೆ. ಇವತ್ತಿಂದ ಇದೆ ಅಂದೆ. ಅತ್ತೆ ಮಾತು ಬಿಟ್ಟರು, ಮುಂದಿನ ವರ್ಷದ ಹೊತ್ತಿಗೆ ಅವರೇ ಬಳೆ ತಂದು ಕೊಟ್ಟರು. ಅಮ್ಮನ ಕಳಶ ಇಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ.

ಈಗ ಪಲ್ಲವಿಯ ವಾದಕ್ಕೆ ಬರುತ್ತೇನೆ. ಅವಳು ಓದಿದವಳು, ತಾಳ್ಮೆಯಿಂದಲೇ ಹೇಳುತ್ತಾಳೆ.

"ಅಜ್ಜಿ, ಚಿಕ್ಕವಳಿದ್ದಾಗ ಯಾರೋ ಮಾತಾಡಿದ್ದು ನಿನ್ನ ಕಿವಿಗೆ ಬಿದ್ದಿರುತ್ತೆ. ನಿಂಗೆ ನೆನಪಿರಲ್ಲ, ಮನಸ್ಸಿಗೆ ಇರುತ್ತೆ. ಅದನ್ನೇ ಪರದೆ ಮೇಲೆ ನೋಡಿದೀಯಾ."

"ಸರಿ ಕಣಮ್ಮ. ಕೇಳಿಸಿಕೊಂಡಿದ್ರೆ ಎಡಗಿವಿ ಅಂತ ತಾನೇ ಕೇಳಿಸ್ಕೊಂಡಿರಬೇಕು? ನಾನು ಯಾಕೆ ಬಲಗಿವಿ ಅಂದೆ?"

"ಮನಸ್ಸೇ ತಿರುಗಿಸಿರುತ್ತೆ."

"ಅಂಗಾದ್ರೆ ನನ್ನ ಮನಸ್ಸು ನಿನ್ನ ಯಂತ್ರಕ್ಕಿಂತ ಜಾಣ ಬಿಡು."

ಅವಳು ನಕ್ಕು ನನ್ನ ಕೆನ್ನೆ ಹಿಂಡಿದಳು. ಆದರೆ ಹಟ ನನ್ನದೇ ತಾನೇ, ರಕ್ತದಲ್ಲಿದೆ. ನಾನು ಹೇಳಿದ ಕಥೆ, ಬಾವಿ ಕಟ್ಟೆ, ನನಗೆ ನೆನಪಿದ್ದ ಒಂದು ಹಾಡಿನ ಸಾಲು, ಎಲ್ಲ ಹಿಡಿದು ಹುಡುಕಿ ಹುಡುಕಿ ಆ ಚಿತ್ರವನ್ನು ಅವಳು ಕಂಡುಹಿಡಿದಳು. ಹೋದ ಭಾನುವಾರ ಅಂಗಳದ ಪಂಚೆಯ ಮೇಲೆ ಬಿಟ್ಟಳು. ಆ ಸಂತೋಷ ಹೇಗೆ ಹೇಳಲಿ! ಮದುವೆ ಊಟ ಬಂದಾಗ ನಾನೇ ಮೊದಲು ಕೂಗಿದೆ, ನೋಡ್ರೋ ಎಲ್ಲ ಬಲಗೈಯಲ್ಲಿ ಉಣ್ಣುತ್ತಿದ್ದಾರೆ ಅಂತ. ಮುನಿಯತ್ತೆ ಇದ್ದಿದ್ದರೆ ಎಷ್ಟು ನಗುತ್ತಿದ್ದಳು. ಬಾವಿ ಕಟ್ಟೆಗೆ ಬಂದಾಗ, ಅಜ್ಜಿಯ ಜೊತೆ ಕೂತು ನೋಡಿದ್ದ ಅದೇ ದಪ್ಪನೆಯ ಹೆಂಗಸು, ಅದೇ ಜುಮುಕಿ, ನಿಲ್ಲದೆ ಹೋದಳು.

ಪಲ್ಲವಿ ಚಿತ್ರ ನಿಲ್ಲಿಸಿದಳು. "ಅಜ್ಜಿ, ಹಿಂದ್ಗಡೆ ಹೋಗ್ತೀಯಾ? ಆ ಸೀನ್ ಇನ್ನೊಂದ್ಸಲ ಹಾಕ್ತೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಾಣದೆ ಹೋದರೆ ಅಂತ ಒಂದು ಸಲ ಅನ್ನಿಸಿತು. ಆದರೂ ಎದ್ದೆ. ನಮ್ಮಜ್ಜಿ ಹೋಗಲಾಗದೇ ಉಳಿದ ಜಾಗ ಅದು. ಅವರ ಪರವಾಗಿಯಾದರೂ ಹೋಗಬೇಕಿತ್ತು. ಪಂಚೆಯ ಹಿಂದೆ, ದನ ಕಟ್ಟುವ ಗೂಟದ ಪಕ್ಕ, ಬರಿ ನೆಲದ ಮೇಲೆ ಕೂತೆ. ಕೈಯಲ್ಲಿ ಓಲೆಯ ಗಂಟು ಹಿಡಿದುಕೊಂಡಿದ್ದೆ. ಬಾವಿ ಕಟ್ಟೆ ಬಂತು, ತಿರುವುಮುರುವಾಗಿ. ಸೊಸೆ ಅತ್ತಳು. ಹೆಂಗಸರು ಬಂದರು. ಕೊನೆಯವಳು ಬಂದಳು.

ದಪ್ಪನೆಯವಳೇ. ಎರಡು ಜುಮುಕಿ. ಹೋದಳು.

ಪಲ್ಲವಿ ಹಿಂದೆ ಬಂದು ನನ್ನ ಪಕ್ಕ ನೆಲದಲ್ಲಿ ಕೂತಳು. ಗೆದ್ದೆ ಅಂತ ಹೇಳಲಿಲ್ಲ. ನನ್ನ ಕೈಯ ಗಂಟನ್ನು ಬಿಚ್ಚಿ, ಓಲೆಯನ್ನು ತನ್ನ ಎಡಗಿವಿಗೆ ಹಿಡಿದು ನೋಡಿಕೊಂಡಳು.

"ಮುಂದಿನ ವಾರ ಇನ್ನೊಂದ್ಸಲ ಹಾಕ್ಲಾ ಅಜ್ಜಿ?"

"ಹಾಕೇ," ಅಂದೆ.

ಅಂದು ಕಂಡವಳು ಯಾಕೆ ಕಂಡಳು, ಇಂದು ಯಾಕೆ ಕಾಣಲಿಲ್ಲ, ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಯಾರಾದರೂ ಬಂದರೆ ಅವರ ಮಾತನ್ನೂ ಕೇಳುತ್ತೇನೆ, ಕಾಫಿ ಕೊಟ್ಟು ಕಳಿಸುತ್ತೇನೆ. ಆದರೆ ಒಂದು ಮಾತು. ಪಂಚೆಯ ಹಿಂದೆ ನಾನು ಒಬ್ಬಳೇ ಕೂತಿದ್ದೆ, ಕಂಡಳು ಅಂತ ಅಂದಿದ್ದರೆ ಯಾರಿಗೂ ಪರೀಕ್ಷೆ ಮಾಡಲು ಆಗುತ್ತಿರಲಿಲ್ಲ. ನಾನು ಅನ್ನಲಿಲ್ಲ. ಕಾಣದಿದ್ದಾಗ ಕಾಣಲಿಲ್ಲ ಅಂತ ಹೇಳುವ ಬಾಯಿ ಇದು. ಇದೇ ಬಾಯಿ ಅವತ್ತು, ಕಂಡೆ ಅಂದಿತ್ತು.